ಮೂರನೆಯ ಅಂಕಣ

ದಫ್ತರಕ್ಕೆ ಈಗ ನಾನೇ ಕಾವಲು.
ಸಿದ್ದಾಪುರದಿಂದ ಅಮ್ಮತ್ತಿಗೆ ಹೋಗುವಾಗ
ಬಸ್ಸು ನಿಲ್ಲದ ತಿರುವಿನಲ್ಲಿ ನಮ್ಮ ಸಭೆ.
ಅಂಗಳದಲ್ಲಿ ಯಾರದೋ ಒಳ್ಳೆಮೆಣಸು ಒಣಗುತ್ತದೆ,
ಭಾನುವಾರ ಒಂಬತ್ತರೊಳಗೆ ಬಾಚಿ ಎತ್ತಬೇಕೆಂಬ ಷರತ್ತಿನ ಮೇಲೆ.

ಗೆದ್ದಲು ತಿನ್ನುವಷ್ಟು ತಿಂದು ಉಳಿಸಿದ ಪುಟಗಳು.
ಬರೆದವರು ಅಯ್ಯನವರು, ಹಡಗಿನಿಂದಿಳಿದು ಕಲಿತ ಕನ್ನಡ:
ಳಕಾರಗಳು ಕೊಂಚ ಕುಂಟುತ್ತವೆ,
ಮಸಿ ಮಾತ್ರ ಇನ್ನೂ ಕಪ್ಪು.
ಮೊದಲ ಅಂಕಣ: ಹಳೆಯ ಹೆಸರು.
ಎರಡನೆಯದು: ಹೊಸ ಹೆಸರು.
ಮೂರನೆಯದು: ಒಡೆಯ.

ಹದಿನೇಳನೆಯ ಸಾಲಿನಲ್ಲಿ ನನ್ನ ಮುತ್ತಜ್ಜನ ಅಪ್ಪ.
ಕರ್ಪ.
ಯೋನಾ.
ಆಮೇಲೆ ಒಂದು ಮನೆತನದ ಹೆಸರು, ಅದರ ಮೇಲೆ ಗೀಟು,
ಗೀಟಿನ ಮೇಲೆ ಇನ್ನೊಂದು, ಕಾಗದ ಹರಿಯುವಷ್ಟು ಒತ್ತಿ.
ಯಾರು ಹೊಡೆದರೋ.
ಅಯ್ಯನವರಂತೂ ಅಲ್ಲ, ಅವರ ಗೀಟು ಯಾವಾಗಲೂ
ಅಡಿಕೋಲು ಹಿಡಿದಷ್ಟು ನೇರ.

ಮನೆಯಲ್ಲಿ ಹೇಳುತ್ತಿದ್ದದ್ದು ದುಡಿಯ ಕಥೆ.
ದೀಕ್ಷಾಸ್ನಾನಕ್ಕೆ ಬರುವವನು ಅದನ್ನು ಬಿಟ್ಟು ಬರಬೇಕು,
ಅದರೊಳಗೆ ಕುಟ್ಟಿಚಾತ ಕೂತಿದ್ದಾನೆ ಅಂದರಂತೆ.
ಕರ್ಪ ಒಂದು ರಾತ್ರಿಯೆಲ್ಲ ಕೂತು ಯೋಚಿಸಿದ.
ಒಡೆಯನೂ ಹೋಗುತ್ತಾನೆ, ದುಡಿಯೂ ಹೋಗುತ್ತದೆ.
ಆಗಲಿ ಅಂದ.
ಹಲಸಿನ ಬುಡದಲ್ಲಿ ಹೂತ, ಚರ್ಮ ಬಿಚ್ಚದೆ,
ಹೆಣಕ್ಕೆ ಬಟ್ಟೆ ಉಡಿಸಿಯೇ ಹೂಳುವ ಹಾಗೆ.
ಆಮೇಲೆ ಸಾಯುವ ತನಕ, ಜರ್ಮನ್ ರಾಗದ ಕೀರ್ತನೆ ಹಾಡುವಾಗ
ಅವನ ಬೆರಳು ಬೆಂಚಿನ ಕೆಳಗೆ ತಾನೇ ತಾನಾಗಿ ಆಡುತ್ತಿತ್ತಂತೆ.

ಹೋದ ಕಾಫಿ ಕುಯ್ಲಿನಲ್ಲಿ ಒಬ್ಬ ಮುದುಕಿ ಬಂದರು, ಉಲ್ರಿಕ ಅಂತ.
ಹಿತ್ತಲಿನ ಸಣ್ಣ ಸಮಾಧಿಯ ಪಾಚಿ ಉಗುರಿನಿಂದ ಕೆರೆದು
ಓದಿದರು: ಲೀನಾ. ಹನ್ನೊಂದು ತಿಂಗಳು. ಚಳಿಜ್ವರ.
ಅಜ್ಜಿಯ ಅಕ್ಕ ಇರಬೇಕು, ಅಥವಾ ಅಜ್ಜಿಯ ಅತ್ತೆ,
ಅವರಿಗೂ ಸರಿಯಾಗಿ ಗೊತ್ತಿಲ್ಲ.
ನಿಮ್ಮೂರ ಸಭೆಯಲ್ಲಿ ಭಾನುವಾರ ಎಷ್ಟು ಜನ ಅಂದೆ.
ಆರು ಬೆರಳು ತೋರಿಸಿ, ಒಂದನ್ನು ಮಡಚಿದರು:
ಅವನು ಆರ್ಗನ್ ನುಡಿಸುವವನು, ಸಂಬಳಕ್ಕೆ ಬರುತ್ತಿದ್ದ.
ಈಗ ಅದೂ ಇಲ್ಲ, ಮಾರಿದ್ದಾರೆ;
ಹುಡುಗರು ಹಗ್ಗ ಕಟ್ಟಿಕೊಂಡು ಗೋಡೆ ಹತ್ತುವ ಆಟ ಆಡುತ್ತಾರೆ ಒಳಗೆ.

ನಮ್ಮದೂ ದೊಡ್ಡ ಮಾತಲ್ಲ ಅಂದೆ.
ಮುನ್ನೂರಿದ್ದವರು ಎಂಬತ್ತಾಗಿದ್ದೇವೆ,
ಅದರಲ್ಲೂ ಹಿರಿಯರಿಬ್ಬರು ಒಂದೇ ಬೆಂಚಿಗಾಗಿ ಮಾತು ಬಿಟ್ಟಿದ್ದಾರೆ.
ಇರಿ, ಮೂರು ಗಂಟೆಯ ಆರಾಧನೆ ನೋಡಿಕೊಂಡು ಹೋಗಿ.

ಮೂರಕ್ಕೆ ಲೈನುಮನೆಗಳಿಂದ ಬಂದರು:
ಗುಮ್ಲಾದವರು, ಸಿಮ್ಡೇಗಾದವರು, ಅಸ್ಸಾಮಿನ ತೋಟದವರು,
ಕೈಬೆರಳಲ್ಲಿ ಕಾಫಿಹಣ್ಣಿನ ಅಂಟು.
ಸಾದ್ರಿಯಲ್ಲಿ ಪ್ರಾರ್ಥನೆ, ನನಗೆ ತಿಳಿದದ್ದು
ಆಮೆನ್ ಒಂದೇ, ಉಲ್ರಿಕರಿಗೂ ಅಷ್ಟೇ.
ಮತ್ತೆ ಒಬ್ಬ ಹುಡುಗ ಮಾಂದರ್ ಹೆಗಲಿಗೇರಿಸಿ ಬಲಗೈ ಬಿಟ್ಟ.
ಹಂಚು ಅದುರಿತು.
ಡೋಲು ಒಳಗೆ ಬರಬಾರದೆಂದು ಕಮಿಟಿಯಲ್ಲಿ ಎದ್ದ ಜಗಳ,
ಅಯ್ಯನವರ ಕಾಲದ ಕ್ರಮ ಎಂದು ಮೇಜು ಗುದ್ದಿದವರು;
ನಾನು ಬಾಯಿ ಬಿಟ್ಟಿರಲಿಲ್ಲ.
ನಡಾವಳಿ ಬರೆಯುವವಳು ನಾನು.
‘ಅಡ್ಡಿಯಿಲ್ಲ’ ಎಂದು ಬರೆದೆ, ಎಲ್ಲರೂ ಸಹಿ ಹಾಕಿದರು ಓದದೆ.

ಇವರಿಗೆ ಯಾರು ಹೇಳಿಕೊಟ್ಟದ್ದು, ಉಲ್ರಿಕ ಕೇಳಿದರು.
ನಿಮ್ಮವರೇ, ಬೇರೆ ಊರಿನಿಂದ ಹೋದವರು, ಅಂದೆ.
ಅವರು ನಗಲಿಲ್ಲ.
ಕೈ ಮಾತ್ರ ಬೆಂಚಿನ ಮೇಲೆ ತಾಳ ಹುಡುಕುತ್ತಿತ್ತು, ತಪ್ಪು ತಪ್ಪಾಗಿ.

ಅವತ್ತೇ ಒಂದು ಮಗುವಿಗೆ ಸ್ನಾನ. ಸುಶಾಂತಿ ಕುಜೂರಳ ಮಗಳು.
ಹಳೆಯ ಹೆಸರು? ಇಲ್ಲ.
ಹೊಸದು: ಪ್ರೇಮ್‌ಶೀಲಾ.
ಊರು ಬರೆಯಲು ತಾಯಿಯ ಆಧಾರ್ ಕೇಳಿದೆ.
ಕಾರ್ಡು ಮೇಸ್ತ್ರಿ ಹತ್ತಿರ ಇದೆ ದೀದಿ, ಅಂದಳು,
ಬಂದ ದಿನವೇ ತೆಗೆದುಕೊಂಡ, ಎಲ್ಲರದ್ದೂ.

ಪೆನ್ನು ಮೂರನೆಯ ಅಂಕಣಕ್ಕೆ ಬಂದು ನಿಂತಿತು.
ಹೊಸ ದಫ್ತರದಲ್ಲಿ ಆ ಅಂಕಣವೇ ಇಲ್ಲ, ಅಚ್ಚಾಗುವಾಗಲೇ ಬಿಟ್ಟಿದ್ದಾರೆ.
ಆದರೂ ಅದು ಎಲ್ಲಿರಬೇಕಿತ್ತೋ ಅಲ್ಲಿ
ಒಂದು ಗೀಟು ಎಳೆದೆ.
ನನ್ನದೂ ನೇರ ಬರಲಿಲ್ಲ.

ನಾಳೆ ಸೋಮವಾರ.
ಮೇಸ್ತ್ರಿಯ ಮನೆ ತಿಮ್ಮಪ್ಪಯ್ಯನ ಮಿಲ್ಲಿನ ಹಿಂದೆ,
ನಾಯಿ ಇದೆಯಂತೆ,
ಕೊಡೆ ತೆಗೆದುಕೊಂಡು ಹೋಗಬೇಕು.